ಅಚ್ಚಾಮ್ಮನ ನಗುಮುಖ

ಇಚಿಲಂಪಾಡಿಯಲ್ಲಿ ಅಚ್ಚಾಮ್ಮನ ಬಾಯಿಗೆ ಹೆದರದವರಿಲ್ಲ. ರಬ್ಬರ್ ಶೀಟು ಕೊಳ್ಳುವ ಹೈದರ್ ಕೂಡ ತಕ್ಕಡಿ ಮುಟ್ಟುವ ಮೊದಲು ಆಕೆಯ ಮುಖ ನೋಡುತ್ತಾನೆ. ಮದುವೆಯಾಗಿ ಬಂದ ವರ್ಷವೇ ಗಂಡ ಮತ್ತಾಯಿಯ ಕೈಯಿಂದ ರಬ್ಬರ್ ಮರ ಗೀರಿ ಹಾಲಿಳಿಸುವ ಟ್ಯಾಪಿಂಗ್ ಚಾಕು ಕಿತ್ತುಕೊಂಡು, "ನೀವು ಮಾಡುದು ಮರಕ್ಕೆ ಗಾಯ. ಹಾಲು ನಾನು ತೆಗೀತೇನೆ" ಎಂದವಳು. ಅಂದಿನಿಂದ ಚಾಕು ಆಕೆಯದೇ.

ಅಂಥವಳ ಎಡ ಸ್ತನದಲ್ಲಿ ಗಡ್ಡೆ ಕಾಣಿಸಿಕೊಂಡು, ಮಂಗಳೂರಿನಲ್ಲಿ ಆಪರೇಷನ್ ಆಗಿ, ಔಷಧಿಗೆ ಕೂದಲೂ ಉದುರಿ ಮನೆಗೆ ಬಂದಾಗ ಮನೆಯವರ ಬಾಯಿಗೆ ಬೀಗ ಬಿತ್ತು. ಮತ್ತಾಯಿ ಅದನ್ನು "ಆ ವಿಷಯ" ಎಂದ. ಮಗ ಜಸ್ಟಿನ್ "ಅಮ್ಮನ ಸುಸ್ತು" ಎಂದ. ಇಗರ್ಜಿಯ ಹೆಂಗಸರು ಕಿತ್ತಳೆ ತಂದರು, ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಗಂಟೆಗಟ್ಟಲೆ ಮಾತಾಡಿದರು, ಎದ್ದು ಹೋದರು. ಅಡಿಕೆ ಮರಕ್ಕಿರುವ ಭಾಗ್ಯ ಅಚ್ಚಾಮ್ಮನಿಗಿರಲಿಲ್ಲ.

ಈ ಮೌನಕ್ಕೆ ಮದ್ದಾಗಿ ಒಂದು ಆ್ಯಪ್ ಬಂತು. ಕಡಬದ ಶಿಬಿರವೊಂದರಲ್ಲಿ ಯಾವುದೋ ಟ್ರಸ್ಟಿನ ಮೇಡಂ, ಸೀರೆಯ ನೆರಿಗೆ ಕೆಡದ ಹಾಗೆ ನಿಂತುಕೊಂಡು, "ಸ್ತನ ಕ್ಯಾನ್ಸರ್ ಗೆದ್ದ ಸಹೋದರಿಯರೇ, ನೆಮ್ಮದಿ ಇನ್ನು ನಿಮ್ಮ ಬೆರಳ ತುದಿಯಲ್ಲಿ" ಎಂದು ಅದನ್ನು ಜಸ್ಟಿನ್‌ನ ಫೋನಿಗೆ ಹಾಕಿಸಿಕೊಟ್ಟರು. ದಿನವೂ ಧ್ಯಾನ ಮಾಡಬೇಕು. ಕೊನೆಗೆ ಪರದೆಯಲ್ಲಿ ಮೂಡುವ ಮುಖಗಳಲ್ಲಿ ಒಂದನ್ನು ಒತ್ತಬೇಕು. ನಗುಮುಖ ಒತ್ತಿದರೆ ಪರದೆಯ ಕೊಳದಲ್ಲಿ ತಾವರೆ ಅರಳುತ್ತದೆ, ಅಳುಮುಖ ಒತ್ತಿದರೆ ಟ್ರಸ್ಟಿನ ನರ್ಸ್ ಫೋನ್ ಮಾಡಿ ವಿಚಾರಿಸುತ್ತಾರೆ.

ಅಚ್ಚಾಮ್ಮನಿಗೆ ಬೇಕಿದ್ದದ್ದು ನರ್ಸಿನ ಆ ಫೋನ್ ಕರೆ ಮಾತ್ರ. ಎಡಗೈ ಬಾತುಕೊಳ್ಳುತ್ತಿತ್ತು, ಬಳೆ ಮಾಂಸಕ್ಕೆ ಕಚ್ಚಿ ಕೂತಿತ್ತು. ರೋಗ ಮತ್ತೆ ಬಂತೋ, ಇನ್ನು ಚಾಕು ಹಿಡಿಯಲಿಕ್ಕಾದರೂ ಉಂಟೋ, ಯಾರನ್ನು ಕೇಳುವುದು? ಮನೆಯಲ್ಲಿ ಬಾಯಿ ತೆರೆದರೆ, "ಟೆನ್ಶನ್ ಮಾಡ್ಬೇಡ, ಧ್ಯಾನ ಮಾಡು" ಎನ್ನುತ್ತಿದ್ದರು.

ಧ್ಯಾನಕ್ಕೆ ಸಂಜೆಯ ಪ್ರಾರ್ಥನೆಯ ಹೊತ್ತೇ ಸರಿ ಎಂದು ಜಸ್ಟಿನ್ ತೀರ್ಮಾನಿಸಿದ. ಕೇರಳದಿಂದ ಬಂದು ನೆಲೆಸಿದ ಕ್ರೈಸ್ತರ ಈ ಮನೆಗಳಲ್ಲಿ ಮುಸ್ಸಂಜೆಗೆ ಎಲ್ಲರೂ ಯೇಸುವಿನ ಪಟದೆದುರು ಮೊಣಕಾಲೂರುತ್ತಾರೆ. ಮೇಣದ ಬತ್ತಿಯ ಪಕ್ಕದಲ್ಲಿ ಈಗ ಫೋನೂ ಕೂತಿತು.

"ನಿಮ್ಮ ಎದೆಯ ಎಡಭಾಗವನ್ನು ಗಮನಿಸಿ. ಅದಕ್ಕೆ ಪ್ರೀತಿಯಿಂದ ಧನ್ಯವಾದ ಹೇಳಿ" ಎಂದಿತು ಆ್ಯಪಿನ ಬೆಂಗಳೂರು ದನಿ, ಜೇನು ಸವರಿಕೊಂಡು.

"ಅದು ಮಂಗಳೂರಲ್ಲೇ ಉಳ್ದಿದೆ ಮಾರಾಯ್ತಿ, ಅಲ್ಲಿಗೇ ಹೋಗಿ ಹೇಳು" ಎಂದಳು ಅಚ್ಚಾಮ್ಮ.

ಧ್ಯಾನ ಮುಗಿದ ಗಂಟೆ ಟಿಣ್ ಎಂದಿತು. ಮತ್ತಾಯಿ ಅಭ್ಯಾಸಬಲದಿಂದ "ಆಮೇನ್" ಎಂದ. ಜಸ್ಟಿನ್ ಫೋನೆತ್ತಿ ನಗುಮುಖ ಒತ್ತಿದ.

"ನಾನು ನಕ್ಕದ್ದು ಯಾವಾಗ?"

"ಅಳುಮುಖ ಒತ್ತಿದ್ರೆ ಇರುವ ತಾವರೆಯೂ ಬಾಡ್ತದೆ ಅಮ್ಮಾ. ಪಾಸಿಟಿವ್ ಇರ್ಬೇಕು."

ಹೀಗೆ ಕೈ ಬಾತುಕೊಳ್ಳುತ್ತ ಹೋಯಿತು, ತಾವರೆಗಳು ಅರಳುತ್ತ ಹೋದವು. ಕೊನೆಗೊಂದು ಸಂಜೆ ಟ್ರಸ್ಟಿನಿಂದ ಸಂದೇಶ ಬಂತು: "ಅಭಿನಂದನೆಗಳು! ನೀವು ಸಂಪೂರ್ಣ ಶಾಂತಿಯಲ್ಲಿದ್ದೀರಿ." ಜಸ್ಟಿನ್ ಹೆಮ್ಮೆಯಿಂದ ಓದಿ ಹೇಳಿದ. ಹೆತ್ತವಳ ಹೆದರಿಕೆ ಕೇಳುವ ತಾಪತ್ರಯವಿಲ್ಲದೆ ಮಗನ ಕರ್ತವ್ಯ ಮುಗಿಸಿಕೊಡುವ ಯಂತ್ರಕ್ಕೆ ಎಷ್ಟು ಕೈ ಮುಗಿದರೂ ಸಾಲದು.

ಆ ಸಂಜೆ ಪ್ರಾರ್ಥನೆಯ ಕೊನೆಗೆ ಎಂದಿನಂತೆ ಒಬ್ಬೊಬ್ಬರೂ ತಮ್ಮ ಬೇಡಿಕೆ ಹೇಳತೊಡಗಿದರು. ಒಬ್ಬರು ಹೇಳಿದ್ದಕ್ಕೆ ಉಳಿದವರು ಆಮೇನ್ ಎನ್ನಬೇಕು, ಎನ್ನದೆ ಮೇಲೇಳುವಂತಿಲ್ಲ. ಮತ್ತಾಯಿ ರಬ್ಬರಿಗೆ ಒಳ್ಳೆಯ ಧಾರಣೆ ಕೇಳಿದ. ಜಸ್ಟಿನ್ ತನ್ನ ಜೀಪಿನ ಎಂಜಿನ್ನಿಗೆ ಆಯುಷ್ಯ ಕೇಳಿದ. ಎರಡಕ್ಕೂ ಆಮೇನ್ ಬಿತ್ತು.

"ಕರ್ತನೇ," ಎಂದಳು ಅಚ್ಚಾಮ್ಮ, "ನನ್ನ ಎಡ ಮೊಲೆ ಕೊಯ್ದು ತೆಗ್ದಿದ್ದಾರೆ. ಅದಕ್ಕೆ ಕ್ಯಾನ್ಸರ್ ಅಂತ ಹೆಸ್ರು. ಈಗ ಕೈ ಬಾತಿದೆ. ನನಗೆ ಸಾಯ್ಲಿಕ್ಕೆ ಹೆದ್ರಿಕೆ ಆಗ್ತದೆ. ಈ ಮನೆಯವ್ರಿಗೆ ಕಿವಿ ಇಲ್ಲ. ನಿನಗಾದ್ರೂ ಉಂಟಾ?"

ಆಮೇನ್ ಬರಲಿಲ್ಲ. ಜಸ್ಟಿನ್ ಚಾಪೆ ನೋಡಿದ. ಮತ್ತಾಯಿ ಪಟವನ್ನು ನೋಡಿದ, ಬತ್ತಿಯನ್ನು ನೋಡಿದ, ನೋಡಲಿಕ್ಕೆ ಬೇರೇನೂ ಉಳಿಯದೆ ಹೆಂಡತಿಯ ಕೈ ನೋಡಿದ. ಮೆಲ್ಲಗೆ ಅದನ್ನು ಎತ್ತಿಕೊಂಡು ಬಳೆ ತಿರುಗಿಸಲು ಹೋದ. ತಿರುಗಲಿಲ್ಲ.

"ಅಚ್ಚಾಮ್ಮಾ, ಇದು ಯಾವಾಗಿಂದ?"

"ತಾವರೆ ಅರಳ್ಲಿಕ್ಕೆ ಶುರುವಾದಾಗಿಂದ."

ಮತ್ತಾಯಿ ಕೈ ಬಿಡದೆ ಮಗನತ್ತ ತಿರುಗಿದ. "ಆ ಅಳುಮುಖ ಎಲ್ಲುಂಟು? ಒತ್ತು. ನರ್ಸ್ ಫೋನ್ ಮಾಡ್ಲಿ, ಬಿಡ್ಲಿ, ಬೆಳಿಗ್ಗೆ ನಾವೇ ಮಂಗಳೂರಿಗೆ ಹೋಗುದು."

ಜಸ್ಟಿನ್ ಒತ್ತಿದ. ಕೊಳದ ತಾವರೆಗಳು ಒಂದೊಂದಾಗಿ ತಲೆಬಾಗಿದವು.

"ಇನ್ನಾದ್ರೂ ಆಮೇನ್ ಹೇಳಿ ಮಾರಾಯ್ರೆ," ಎಂದಳು ಅಚ್ಚಾಮ್ಮ, "ನನ್ನ ಮೊಣಕಾಲು ನೋಯ್ತದೆ."