ನಡುಗುವ ಬೆರಳು

ನಮ್ಮ ಬಿಷ್ಕೆಕ್ ಮನೆಯ ಬಾಡಿಗೆದಾರ ಎರ್ಮೆಕ್, ಲ್ಯಾಪ್‌ಟಾಪಿನ ಮೇಲೆ ಬೆರಳಾಡಿಸಿದರೆ ಪುಟ ನಯವಾಗಿ ಸರಿಯುವಂತೆ ತಂತ್ರಾಂಶ ತಿದ್ದಿ ಲೋಕಕ್ಕೆಲ್ಲ ಪುಕ್ಕಟೆ ಹಂಚುವವನು. ಊಟಕ್ಕೆ ಕೂತರೂ ಮೇಜುಬಟ್ಟೆಯ ಮೇಲೆ ಎರಡು ಬೆರಳು ಜಾರಿಸುತ್ತಿರುತ್ತಾನೆ. ಅಷ್ಟರಲ್ಲಿ ಸಾರಿನ ಕೊಬ್ಬು ಹೆಪ್ಪುಗಟ್ಟಿರುತ್ತದೆ. ಯಾರು ದೂರು ಬರೆದರೂ ಒಂದೇ ಉತ್ತರ: ‘ನನ್ನ ಬೆರಳಿಗೆ ಸರಿಯಾಗೇ ಓಡ್ತದಲ್ಲ!’ ಮೊನ್ನೆ ನನ್ನ ತಂಗಿ ಕಳಿಸಿದ ಮದುವೆಯ ಫೋಟೋಗಳನ್ನು ಅವನ ಲ್ಯಾಪ್‌ಟಾಪಿನಲ್ಲಿ ನೋಡಲು ಕೂತೆ. ಮೊದಲನೆಯದು ಔತಣಕ್ಕೆ ತಂದ ಕುರಿಯದು; ವಧು ಕೆಳಗೆಲ್ಲೋ ಇದ್ದಳು. ಎಷ್ಟು ಬೆರಳಾಡಿಸಿದರೂ ಪುಟ ಕದಲಲಿಲ್ಲ. ‘ಮದುಮಗ ಕುರೀನೇ ಕಟ್ಕೊಂಡ್ನೇನೋ ಮಗಾ?’ ಎಂದೆ. ನಗುತ್ತ ಬಂದವನು ನನ್ನ ಮುದಿ ಬೆರಳಿನ ನಡುಕ ನೋಡಿ ನಿಂತ, ಕಿವಿ ಕೆಂಪಾಯಿತು. ‘ನಡುಗೋ ಬೆರಳನ್ನ ಲೆಕ್ಕಕ್ಕೆ ತಗೋಬೇಡ ಅಂತ ತಂತ್ರಾಂಶದಲ್ಲಿ ನಾನೇ ಬರೆದಿದ್ದೆ, ಅಪಾ. ಆ ನಡುಕ ಬರೀ ಕಸ ಅಂದ್ಕೊಂಡಿದ್ದೆ.’ ಅಪಾ ಎಂದರೆ ಅವರ ಮಾತಿನಲ್ಲಿ ಅಮ್ಮ. ಈಗ ದಿನಾ ಚಹಾಕ್ಕೆ ಮೊದಲು, ‘ಅಪಾ, ಬೆರಳಿಡಿ’ ಎಂದು ನನ್ನ ನಡುಕವನ್ನು ದಾಖಲಿಸಿಕೊಳ್ಳುತ್ತಾನೆ. ನನ್ನ ಮುಖ ಮಾತ್ರ ನೋಡುವುದಿಲ್ಲ.