ಪೆಟ್ರೋಲ್ ಸೋಸುತ್ತಿದ್ದ ನರ್ಸಮ್ಮ

ನಮ್ಮ ನರ್ಸಮ್ಮನ ಬಲಗಾಲಿನ ಮೀನಖಂಡದ ಮೇಲೆ ಸೈಲೆನ್ಸರ್ ಸುಟ್ಟ ಕಲೆ ಇತ್ತು. ಅಂಗೈಯಗಲ, ಬೆಂಕಿಯಲ್ಲಿ ಸುಟ್ಟ ಬದನೆಕಾಯಿ ಸಿಪ್ಪೆಯ ಬಣ್ಣ. ನನ್ನ ಬಲಗಾಲಿನ ಮೇಲೂ ಅಂಥದ್ದೇ ಒಂದಿದೆ, ಸ್ವಲ್ಪ ಚಿಕ್ಕದು. ಅವರು ಮೋಟಾರ್ ಸೈಕಲ್ ಓಡಿಸುತ್ತಿದ್ದರು, ನಾನು ಹಿಂದೆ ಎರಡೂ ಕಡೆ ಕಾಲು ಹಾಕಿ ಕೂರುತ್ತಿದ್ದೆ. ಹೆಂಗಸರ ಹಾಗೆ ಒಂದೇ ಕಡೆ ಕೂತರೆ ಗದ್ದೆ ಬದುವಿನಲ್ಲಿ ಗಾಡಿ ವಾಲುತ್ತದೆ ಎಂದು ಅವರೇ ಹಾಗೆ ಕೂರಿಸಿದ್ದು.

ನಾನು ಹಾರನಹಳ್ಳಿ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ಈಗಲೂ ಕೈಕೊಡುತ್ತವೆ. ನರ್ಸಮ್ಮ ಬಂದದ್ದು ಎಪ್ಪತ್ತರ ದಶಕದ ಕೊನೆಗೆ. ಹಳೇಬೀಡಿನ ಪಕ್ಕ ಬಸ್ತಿಹಳ್ಳಿಯ ಜೈನರ ಮನೆಯ ಮಗಳು. ಮದುವೆ ಆಗಿರಲಿಲ್ಲ. ಯಾಕೆ ಎಂದು ಒಬ್ಬಳು ಕೇಳಿದಾಗ, "ಪುರುಸೊತ್ತಾಗಲಿಲ್ಲ ಕಣೇ" ಅಂದಿದ್ದರು. ಅವರ ಅಣ್ಣ ಅಂಗಡಿ ಸಾಮಾನಿಗೆ ವ್ಯಾನು ತಂದ ಮೇಲೆ ಹಳೆಯ ಮೋಟಾರ್ ಸೈಕಲ್ಲನ್ನು ತಂಗಿಗೆ ಕೊಟ್ಟಿದ್ದ. ಅದು ಕಲ್ಲು, ಕೊರಕಲು, ಹಳ್ಳ ಏನು ಕಂಡರೂ ಹೆದರುವ ಗಾಡಿಯಲ್ಲ. ನರ್ಸಮ್ಮ ಬಿಳಿ ಸೀರೆಯ ಒಳಗೆ ಅಣ್ಣನ ಖಾಕಿ ಪ್ಯಾಂಟು ಹಾಕಿ, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹೊರಟರೆ ಅರಳಿಕಟ್ಟೆಯ ಮೇಲೆ ಕೂತವರು ಬೀಡಿ ಎಳೆಯುವುದನ್ನೇ ಮರೆಯುತ್ತಿದ್ದರು.

ಅಲ್ಲಿ ಒಬ್ಬ ಮುದುಕ ಇದ್ದ. ಒಂದು ದಿನ ಕಿಚಾಯಿಸಿದ: "ಏನ್ ನರ್ಸಮ್ಮ, ಪ್ಯಾಂಟೂ ಆತು, ಗಾಡೀನೂ ಆತು. ಮೀಸೆ ಯಾವಾಗ್ ಬತ್ತೈತೆ?"

"ನಿಮ್ದು ಉದುರ್ಲಿ ಬಿಡಿ ಅಜ್ಜಾರೆ, ಎತ್ತಿ ಅಂಟಿಸ್ಕೊಳ್ತೀನಿ."

ಆ ಮುದುಕನ ಸೊಸೆಗೆ ಅವಳಿ ಹುಟ್ಟಿದಾಗ ಇದೇ ನರ್ಸಮ್ಮ ಬೇಕಾಯಿತು. ಆಮೇಲೆ ಮೀಸೆಯ ಮಾತು ಬರಲಿಲ್ಲ.

ಅವರ ಮನೆತನದ ಪದ್ಧತಿಯೆಂದರೆ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವಂತಿಲ್ಲ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹೆರಿಗೆ ಮಾಡಿಸಿ ಬರುವುದು ತಡವಾದರೆ ಬರೀ ಹೊಟ್ಟೆಯಲ್ಲಿ ಮಲಗುತ್ತಿದ್ದರು, ಮುಖದಲ್ಲಿ ಒಂದು ಗೆರೆ ಕಾಣಿಸುತ್ತಿರಲಿಲ್ಲ. ನೀರಿಗೆ ಮಾಡುವ ಮಡಿಯನ್ನೇ ಪೆಟ್ರೋಲಿಗೂ ಮಾಡುತ್ತಿದ್ದರು. ಅರಸೀಕೆರೆಯಿಂದ ಕ್ಯಾನಿನಲ್ಲಿ ತಂದದ್ದನ್ನು ತೆಳ್ಳನೆ ಮಲ್ಲು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅದರಲ್ಲಿ ಸೋಸಿಯೇ ಟ್ಯಾಂಕಿಗೆ ಬಿಡುವುದು. ಬಟ್ಟೆ ಹಿಡಿಯುವ ಕೆಲಸ ನನ್ನದು.

"ನಾವು ಸೋಸಿದ ನೀರು ಕುಡಿದು ಇದಕ್ಕೆ ಮಾತ್ರ ಕಸ ಕುಡಿಸೋದಾ? ಇದೂ ನಮ್ಮ ಜೊತೆ ದುಡಿಯೋದೇ ಅಲ್ವೇನೇ?" ಅನ್ನುತ್ತಿದ್ದರು.

ಸುತ್ತಿನ ಹಳ್ಳಿಯ ಹೆಂಗಸರಿಗೆ ಆ ಗಾಡಿ ಗಾಡಿಯಾಗಿರಲಿಲ್ಲ. ಮಗು ಹುಟ್ಟಿ ತಾಯಿ ಕಣ್ಣು ಬಿಟ್ಟಳೆಂದರೆ ಮನೆಯ ಹಿರಿಯಳು ಹೊರಗೆ ಬಂದು ಹಸುವಿಗೆ ಮಾಡುವ ಹಾಗೆ ಗಾಡಿಗೆ ಆರತಿ ಎತ್ತುವಳು. ಎಣ್ಣೆಯಲ್ಲಿ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ. ಟ್ಯಾಂಕಿನ ಮುಚ್ಚಳ ಎತ್ತರದಲ್ಲಿ ಗುಂಡಗೆ ಹೊಳೆಯುತ್ತಿತ್ತಲ್ಲ, ಅದೇ ಹಣೆ ಎಂದುಕೊಂಡು ಹೆಬ್ಬೆರಳಿನಿಂದ ಒತ್ತಿ ಇಡುತ್ತಿದ್ದರು. ನರ್ಸಮ್ಮ ಗಾಡಿಯನ್ನು ದಿನವೂ ಒರೆಸುವರು, ಆ ಮುಚ್ಚಳ ಒಂದನ್ನು ಬಿಟ್ಟು. ಬಾಣಂತಿ ಮನೆಯ ಕುಂಕುಮ, ನಾವಾಗಿ ಒರೆಸಬಾರದು ಎಂದು.

ಒಂದು ವರ್ಷ ಗಾಡಿಗೆ ರೋಗ ಬಂತು. ಊರು ಬಿಟ್ಟು ಒಂದಷ್ಟು ದೂರ ಚೆನ್ನಾಗಿ ಓಡುವುದು, ಆಮೇಲೆ ಕೆಮ್ಮುವುದು, ನಿಲ್ಲುವುದು. ಬೇವಿನ ನೆರಳಿನಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಕಿಕ್ಕರ್ ಒದ್ದರೆ ಏನೂ ಆಗಿಲ್ಲವೆಂಬಂತೆ ಹೊರಡುವುದು. ಅರಸೀಕೆರೆಯ ಮೆಕ್ಯಾನಿಕ್ಕು ಕೆಲಸ ಬಲ್ಲವನೇ. ಮೊದಲು ಮುಚ್ಚಳ ತೆಗೆದು ಪೆಟ್ರೋಲ್ ಇದೆಯೇ ಎಂದು ಬಗ್ಗಿ ನೋಡುವನು, ಆಮೇಲೆ ಪ್ಲಗ್ ಉಜ್ಜುವನು, ಕಾರ್ಬೊರೇಟರ್ ಬಿಚ್ಚಿ ತೊಳೆಯುವನು. ಒದ್ದರೆ ಒಂದೇ ಏಟಿಗೆ ಸ್ಟಾರ್ಟು. ಹಿಂದಿರುಗುವ ದಾರಿಯಲ್ಲಿ ಮತ್ತೆ ಅದೇ ಕೆಮ್ಮು.

ಮೂರನೇ ಸಲ ಹೋದಾಗ ಅವನು, "ಪೆಟ್ರೋಲ್‌ನಲ್ಲಿ ಕಸ ಇರ್ಬೇಕು ಸಿಸ್ಟರ್" ಅಂದ. ನರ್ಸಮ್ಮನ ಮುಖ ಕೆಂಪಾಯಿತು.

"ಕಸ ಇಲ್ಲ. ಬೇರೆ ಏನಾದ್ರೂ ಹೇಳಿ."

ಅವನು ಮತ್ತೆ ಪ್ಲಗ್ ಉಜ್ಜತೊಡಗಿದ.

ಅದೇ ಸಮಯಕ್ಕೆ ನನ್ನ ತಂಗಿ ದಿನ ತುಂಬಿದ ಬಸುರಿ. ಅವಳನ್ನು ಕೊಟ್ಟದ್ದು ಗಂಡಸಿ ಕಡೆಯ ಒಂದು ಹಟ್ಟಿಗೆ. ಮೊದಲನೆಯ ಹೆರಿಗೆಯಲ್ಲಿ, ಈ ನರ್ಸಮ್ಮ ಬರುವುದಕ್ಕೆ ಮುಂಚೆ, ಆಗಿನ ನರ್ಸು ಬಸ್ಸು ಕಾಯ್ದು, ಇಳಿದು, ನಡೆದು ಹೋಗುವಷ್ಟರಲ್ಲಿ ಮಗು ನೀಲಿಗಟ್ಟಿ ಹೋಗಿತ್ತು. ಇನ್ನೊಂದು ಹಾಗಾದರೆ ಅವಳು ಬದುಕಿದ್ದೂ ಬದುಕುವುದಿಲ್ಲ ಎಂದು ನನಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ತಂಗಿಯ ಗಂಡ ಸೈಕಲ್ ತುಳಿದುಕೊಂಡು ಬಂದು ಆಸ್ಪತ್ರೆಯ ಮುಂದೆ ಕುಸಿದು ಕೂತ. "ಕಾಲು ಮುಂದಾಗೈತಂತೆ ಕಣಕ್ಕ. ಸೂಲಗಿತ್ತಿ ಮುದುಕಿ ತನ್ ಕೈಲಿ ಆಗಲ್ಲ ಅಂತು."

ನರ್ಸಮ್ಮ ಚೀಲ ನನ್ನ ಮಡಿಲಿಗೆ ಎಸೆದು ಗಾಡಿ ಒದ್ದರು. ಗಂಡಸಿ ರಸ್ತೆ ಬಿಟ್ಟು ಹಟ್ಟಿಯ ದಾರಿಗೆ ತಿರುಗಿ, ಒಂದು ತೆಂಗಿನ ತೋಟದ ಬೇಲಿಯ ಹತ್ತಿರ ಬಂದಾಗ ಗಾಡಿ ಕೆಮ್ಮಿತು, ನಿಂತಿತು.

ನಾನು ಇಳಿದೆ. "ನಡೀರಿ ಅಮ್ಮಾರೆ, ಓಡೋಣ."

"ಓಡಿದ್ರೂ ತಲುಪಲ್ಲ. ಸುಮ್ನಿರು, ನೋಡೋಣ."

"ನೋಡ್ತಾ ಕೂತ್ರೆ ಕೂಸು ಹೋಗ್ತೈತೆ."

"ಹೆರಿಗೆ ಮನೇಲಿ ಅಳೋರನ್ನ ಹೊರಗೆ ಕಳಿಸ್ತೀನಿ ಅಲ್ವಾ ನಾನು? ಇದೂ ಹೆರಿಗೆ ಮನೇನೇ. ಇರೋದಾದ್ರೆ ಸುಮ್ನೆ ಇರು."

ನಾನು ಚೀಲ ಹಿಡಿದು ನಿಂತೆ. ಅವರು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ನಾಡಿ ನೋಡುವವರ ಹಾಗೆ ಟ್ಯಾಂಕಿನಿಂದ ಬರುವ ರಬ್ಬರ್ ಪೈಪನ್ನು ಕಾರ್ಬೊರೇಟರ್ ಕಡೆಯಿಂದ ಕಿತ್ತರು. ಟ್ಯಾಂಕಿನ ಕೆಳಗಿನ ನಲ್ಲಿ ಬಿಟ್ಟೇ ಇತ್ತು. ಪೆಟ್ರೋಲ್ ಧಾರೆಯಾಗಿ ಬರಬೇಕಾದದ್ದು ತೊಟ್ಟು ತೊಟ್ಟಾಗಿ ಬಂತು, ಆಮೇಲೆ ಅದೂ ನಿಂತಿತು. ಟ್ಯಾಂಕನ್ನು ಬೆರಳಿನಿಂದ ತಟ್ಟಿದರು. ಅರ್ಧಕ್ಕಿಂತ ಹೆಚ್ಚು ತುಂಬಿದ ಸದ್ದು.

ಅವರು ಆ ಕೊನೆಯ ತೊಟ್ಟನ್ನೇ ನೋಡುತ್ತಾ ನನ್ನನ್ನು ಕೇಳಿದರು: "ಗ್ಲೂಕೋಸ್ ಹಾಕೋವಾಗ ಬಾಟ್ಲಿ ತುಂಬಿದ್ರೂ ತೊಟ್ಟು ನಿಂತೋದ್ರೆ ಏನ್ ಮಾಡ್ತೀವೇ?"

ಆಗ ಗ್ಲೂಕೋಸ್ ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು. ಅದರ ರಬ್ಬರ್ ಮುಚ್ಚಳಕ್ಕೆ ಇನ್ನೊಂದು ಸೂಜಿ ಚುಚ್ಚಿ ಗಾಳಿಗೆ ದಾರಿ ಮಾಡದಿದ್ದರೆ ಒಳಗಿನದು ಕೆಳಗೆ ಇಳಿಯುವುದಿಲ್ಲ. ಅದು ಆಯಾಗೂ ಗೊತ್ತು.

"ಗಾಳಿ ಸೂಜಿ ನೋಡ್ತೀವಿ" ಅಂದೆ.

ಅವರು ಎದ್ದು ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಉಸ್ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು, ನೀರಲ್ಲಿ ಮುಳುಗಿದವನು ಮೇಲೆ ಬಂದು ಉಸಿರು ಎಳೆಯುವ ಹಾಗೆ. ಕೆಳಗೆ ಪೈಪಿನಿಂದ ಪೆಟ್ರೋಲ್ ಜೋರಾಗಿ ಸುರಿದು ನನ್ನ ಪಾದ ನೆನೆಯಿತು. ನಾನು ನಲ್ಲಿ ತಿರುಗಿಸಿ ನಿಲ್ಲಿಸಿದೆ.

ನರ್ಸಮ್ಮ ಮುಚ್ಚಳವನ್ನು ಬಿಸಿಲಿಗೆ ಹಿಡಿದರು. ಅದರ ನೆತ್ತಿಯಲ್ಲಿ ಗಾಳಿ ಆಡಲೆಂದು ಸಾಸಿವೆಗಿಂತ ಸಣ್ಣ ತೂತು ಇಟ್ಟಿರುತ್ತಾರೆ. ಅದರ ಮೇಲೆ ಅರಿಶಿನ, ಕುಂಕುಮ, ಮತ್ತೆ ಅರಿಶಿನ, ಗಾರೆಯ ಹಾಗೆ ಗಟ್ಟಿ ಕೂತಿತ್ತು. ಎಷ್ಟು ಮನೆಯ ಹೆಬ್ಬೆರಳೋ. ಮೆಕ್ಯಾನಿಕ್ಕು ಮುಚ್ಚಳ ತೆಗೆದಾಗಲೆಲ್ಲ ರೋಗ ತಾನಾಗಿ ವಾಸಿಯಾಗುತ್ತಿತ್ತು, ಮುಚ್ಚಿದ ಮೇಲೆ ಮರಳುತ್ತಿತ್ತು.

"ಪಿನ್ನು ಕೊಡೇ."

ನನ್ನ ಬಳೆಯಲ್ಲಿ ಯಾವಾಗಲೂ ಪಿನ್ನು ನೇತಾಡುತ್ತಿತ್ತು. ತೆಗೆದು ಕೊಟ್ಟೆ. ಅವರು ತೂತು ಬಿಡಿಸಿ, ಬಾಯಿಟ್ಟು ಊದಿ ನೋಡಿ, ಮುಚ್ಚಳ ಹಾಕಿ, ಪೈಪು ಸಿಕ್ಕಿಸಿ ನಲ್ಲಿ ಬಿಟ್ಟರು. ಗಾಡಿ ಹಟ್ಟಿಯವರೆಗೆ ಒಮ್ಮೆಯೂ ಕೆಮ್ಮಲಿಲ್ಲ.

ಸೋಪು ಹಾಕಿ ಮೊಳಕೈವರೆಗೆ ಉಜ್ಜಿ ತೊಳೆದುಕೊಂಡೇ ಅವರು ಒಳಗೆ ಹೋದದ್ದು. ನಾನು ತಂಗಿಯ ತಲೆಯ ಕಡೆ ಕೂತೆ. ಕಾಲು, ಸೊಂಟ, ಒಂದು ತೋಳು, ಇನ್ನೊಂದು ತೋಳು. ಎಳೆಯಲಿಲ್ಲ, ಅವಸರ ಮಾಡಲಿಲ್ಲ, ತಲೆ ಬರುವಾಗ ಮಾತ್ರ ನರ್ಸಮ್ಮನ ತುಟಿ ಬಿಗಿಯಾಯಿತು. ಹೆಣ್ಣು ಮಗು. ಮೊದಲು ಸುಮ್ಮನಿತ್ತು. ಅಂಗಾಲಿಗೆ ಎರಡು ಬಿಟ್ಟ ಮೇಲೆ ಹಟ್ಟಿಗೆಲ್ಲ ಕೇಳಿಸುವ ಹಾಗೆ ಕಿರುಚಿತು.

ಹೊರಗೆ ಬಂದಾಗ ತಂಗಿಯ ಅತ್ತೆ ಆರತಿ ತಟ್ಟೆ ಹಿಡಿದು ಗಾಡಿಯ ಮುಂದೆ ನಿಂತಿದ್ದಳು. ಹೆಬ್ಬೆರಳು ಅರಿಶಿನದಲ್ಲಿ ಅದ್ದಿ ಮುಚ್ಚಳದ ಕಡೆ ಹೋಗುತ್ತಿತ್ತು. ಇವತ್ತು ನರ್ಸಮ್ಮ ಬೈಯುತ್ತಾರೆ ಎಂದುಕೊಂಡೆ. ಅವರು ಆ ಕೈಯನ್ನು ಮೆಲ್ಲಗೆ ಹಿಡಿದು ಮುಂದಿನ ಲೈಟಿನ ಕಡೆ ತಂದರು.

"ಅದು ಮೂಗು ಕಣವ್ವ, ಉಸಿರಾಡ್ಬೇಕು. ಹಣೆ ಇಲ್ಲಿದೆ ನೋಡು."

"ಹೌದಾ ತಾಯಿ? ನಮ್ಗೇನ್ ಗೊತ್ತು. ಇಷ್ಟ್ ದಿನ ಮೂಗಿಗೆ ಮೆತ್ತಿದ್ವಾ?" ಎಂದು ಅವಳು ನಕ್ಕು ಲೈಟಿಗೆ ಬಳಿದಳು.

ಒಬ್ಬಳಿಂದ ಒಬ್ಬಳಿಗೆ ಮಾತು ಹರಡಿತು. ಆಮೇಲೆ ಯಾವ ಹಳ್ಳಿಯಲ್ಲೂ ಯಾರೂ ಮುಚ್ಚಳ ಮುಟ್ಟಲಿಲ್ಲ. ಲೈಟಿನ ಗಾಜಿಗೆ ಕುಂಕುಮ ಏರಿ ಏರಿ, ಮುಸ್ಸಂಜೆಯಲ್ಲಿ ಬೆಳಕು ಕೆಂಪಗೆ ಬೀಳುತ್ತಿತ್ತು. ದೂರದ ಕೆರೆ ಏರಿಯ ಮೇಲೆ ಕೆಂಪು ದೀಪ ಕಂಡರೆ ಸಾಕು, ಹೊಸಲಲ್ಲಿ ನಿಂತವರು ಒಳಗೆ ಕೂಗಿ ಹೇಳುತ್ತಿದ್ದರು: "ಬಂದ್ರು, ನೀರು ಕಾಯಿಸ್ರೀ." ನಾನು ಅದರ ಹಿಂದೆ ಕೂತವಳು. ಅದಕ್ಕಿಂತ ಎತ್ತರದ ಜಾಗದಲ್ಲಿ ನಾನು ಇನ್ನೆಲ್ಲೂ ಕೂತಿಲ್ಲ.

ನರ್ಸಮ್ಮ ರಿಟೈರ್ ಆದ ಮೇಲೆ ಬಸ್ತಿಹಳ್ಳಿಗೆ ಹೋದರು. ಅಲ್ಲೇ, ವಯಸ್ಸಾಗಿ, ಯಾರಿಗೂ ಹೊರೆಯಾಗದೆ ತೀರಿಕೊಂಡರು. ಸುದ್ದಿ ಬಂದಾಗ ತಂಗಿಯ ಮಗಳು, ಅದೇ ಕಾಲು ಮುಂದಾಗಿ ಬಂದವಳು, ತನ್ನ ಸ್ಕೂಟರಿನಲ್ಲಿ ನನ್ನನ್ನು ಕರೆದುಕೊಂಡು ಹೋದಳು. ಎಲ್ಲ ಮುಗಿಸಿ ಬಂದ ಮೇಲೆ ನಾನು ಹಿತ್ತಿಲಿನ ಕಡೆ ಹೋದೆ. ಗಾಡಿ ಚಪ್ಪರದ ಕೆಳಗೆ ನಿಂತಿತ್ತು. ಟೈರು ಕೂತಿದ್ದವು, ಸೀಟು ಹರಿದಿತ್ತು. ಲೈಟಿನ ಮೇಲೆ ಕುಂಕುಮ ಕಪ್ಪಾಗಿತ್ತು.

ಬಳೆಯಿಂದ ಪಿನ್ನು ತೆಗೆದು ಮುಚ್ಚಳದ ತೂತಿಗೆ ಇಟ್ಟೆ. ಎಲ್ಲಿಯೂ ತಡೆಯದೆ ಒಳಗೆ ಹೋಯಿತು.