ಓವನ್ನಿನ ಬಾಗಿಲು, ಬಸ್ಸಿನ ಬಾಗಿಲು

ಬಿಡದಿಯ ಸುತ್ತ ಕಾರ್ಖಾನೆಗಳು ಒಂದರ ಮಗ್ಗುಲಿಗೊಂದು ಏಳುತ್ತಿದ್ದ ಕಾಲ. ಬೈರಮಂಗಲದ ಆಚೆಗಿದ್ದ ನಮ್ಮ ಹೊಲವೂ ಲೇಔಟಿಗೆ ಹೋಗಿತ್ತು. ನಾನು ಅಂಥದೇ ಒಂದು ಸಣ್ಣ ಕಾರ್ಖಾನೆಗೆ ಸೇರಿಕೊಂಡೆ. ಕಬ್ಬಿಣದ ಬಿಡಿಭಾಗಗಳಿಗೆ ಪುಡಿ ಬಣ್ಣ ಹೊಡೆದು ಓವನ್ನಿನಲ್ಲಿ ಕಾಯಿಸುವುದು ಅಲ್ಲಿನ ಕೆಲಸ. ಓವನ್ ಒಂದು ಕೋಣೆಯಷ್ಟು ದೊಡ್ಡದು. ಸಾಮಾನು ನೇತುಹಾಕಿದ ಟ್ರಾಲಿಯನ್ನೇ ಒಳಕ್ಕೆ ತಳ್ಳಿ ಬಾಗಿಲು ಮುಚ್ಚುತ್ತಿದ್ದೆವು. ಚಿಲಕವಿದ್ದದ್ದು ಹೊರಗಡೆ ಮಾತ್ರ.

ಒಂದು ಬೆಳಿಗ್ಗೆ, ಒಳಗೆ ಬಿದ್ದಿದ್ದ ಕೊಕ್ಕೆಗಳನ್ನು ಆಯಲು ಹೋಗಿ ಹಿಂದಿನ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದೆ. ಧಡ್ ಎಂದು ಬಾಗಿಲು ಮುಚ್ಚಿಕೊಂಡಿತು. ಖಾಲಿಯಿದೆ ಎಂದುಕೊಂಡು ಸೂಪರ್‌ವೈಸರ್ ಓವನ್ನನ್ನು ಬಿಸಿಗೆ ಹಾಕಿದ್ದರು. "ಸಾರ್, ಒಳಗಿವ್ನಿ ಸಾರ್!" ಎಂದು ಕಿರುಚಿದೆ. ಅಷ್ಟರಲ್ಲಿ ಬಿಸಿಗಾಳಿ ಊದುವ ಯಂತ್ರ ಶುರುವಾಗಿ ನನ್ನ ಕೂಗು ನನಗೇ ಕೇಳಿಸದಾಯಿತು.

ಕತ್ತಲಲ್ಲಿ ತಡವುತ್ತ ಹೋಗಿ ಬಾಗಿಲನ್ನು ಭುಜದಿಂದ ನೂಕಿದೆ, ಒದ್ದೆ, ಕೈಯಲ್ಲಿದ್ದ ಕೊಕ್ಕೆಯಿಂದ ಬಡಿದೆ. ಗಾಳಿ ಕಾಯುತ್ತಲೇ ಹೋಯಿತು. ಮೂಗಿನೊಳಗೆಲ್ಲ ಉರಿ. ಕೊಕ್ಕೆ ಕೈ ಸುಡತೊಡಗಿದಾಗ ಷರ್ಟಿನ ತುದಿ ಸುತ್ತಿ ಹಿಡಿದು ಬಡಿದೆ. ಮನೆಗೆ ಹೋಗಿ ಅವ್ವನಿಗೆ ಯಾರು ಹೇಳುತ್ತಾರೆ ಎಂಬ ಯೋಚನೆ ಬಂತು. ಅದರ ಬೆನ್ನಿಗೇ ನಿಂತಲ್ಲೇ ಉಚ್ಚೆ ಹೋಯಿತು.

ಟ್ರಾಲಿಗೆ ಸಾಮಾನು ನೇತುಹಾಕುವ ಕೆಲಸಕ್ಕೆ ಕಬ್ಬಾಳಿನ ಕಡೆಯ ಹೆಂಗಸೊಬ್ಬರಿದ್ದರು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಹೊರಗೆ ನಡೆದದ್ದನ್ನು ಆಮೇಲೆ ಅವರೇ ಹೇಳಿದರು. ನನಗೆಂದು ಟೀ ಹಿಡಿದು ಬಂದವರು, "ಸಾರ್, ಅವ್ನೆಲ್ಲೋದ?" ಎಂದು ಕೇಳಿದ್ದಾರೆ.

"ಟೀ ಕುಡಿಯಕ್ಕೋಗಿರ್ಬೇಕು," ಎಂದಿದ್ದಾರೆ ಸೂಪರ್‌ವೈಸರ್.

"ಅವನ್ ಟೀ ನನ್ ಕೈಲೇ ಐತಲ್ಲ ಸಾರ್!"

ಆಗಲೇ ಅಕ್ಕನಿಗೆ ಓವನ್ನಿನೊಳಗಿನ ಬಡಿತ ಕೇಳಿಸಿತಂತೆ. ಯಂತ್ರದ ಸದ್ದು ಎಂದು ಸೂಪರ್‌ವೈಸರ್ ಹೇಳುತ್ತಿದ್ದಂತೆಯೇ ಅಕ್ಕ ಲೋಟ ಬಿಸಾಡಿ ಚಿಲಕ ಎಳೆದರು. ನಾನು ಅವರ ಕಾಲ ಬಳಿ ಮುಗ್ಗರಿಸಿ ಬಿದ್ದೆ. "ಅಯ್ಯೋ ನಮ್ಮವ್ವ ಕಬ್ಬಾಳಮ್ಮ, ಬೆಂದೋಗ್ಬುಡ್ತಿದ್ನಲ್ಲ ಮಗ!" ಎನ್ನುತ್ತ ಬಕೆಟ್ಟಿನ ನೀರನ್ನು ತಲೆಗೆ ಸುರಿದರು. ಆಮೇಲೆ ಸೂಪರ್‌ವೈಸರ್ ಕಡೆಗೆ ತಿರುಗಿ, "ಒಳಗಡೆನೂ ಹಿಡಿ ಹಾಕ್ಸೋವರ್ಗೂ ನಾನು ಟ್ರಾಲಿ ಮುಟ್ಟಾಕಿಲ್ಲ," ಎಂದರು. ಉಳಿದ ಹೆಂಗಸರೂ ಕೈಕಟ್ಟಿ ನಿಂತರು. ಸಂಜೆಯೊಳಗೆ ವೆಲ್ಡಿಂಗಿನವನು ಬಂದು, ಚಿಲಕ ಒಳಗಿನಿಂದಲೂ ತೆರೆಯುವಂತೆ ಹಿಡಿ ಕೂರಿಸಿ ಹೋದ.

ಕೈಯ ಬೊಬ್ಬೆಗಳು ಮಾಯ್ದವು. ಆದರೆ ಮುಚ್ಚಿದ ಬಾಗಿಲಿನ ಹೆದರಿಕೆ ಹೋಗಲಿಲ್ಲ. ಬಚ್ಚಲಮನೆಯ ಅಗುಳಿ ಹಾಕುವುದನ್ನೂ ಬಿಟ್ಟೆ. ಕೆಲಸಕ್ಕೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಜನರ ನಡುವೆ ಸಿಕ್ಕಿಕೊಂಡರೆ ಉಸಿರೇ ಬಾರದು. ಹಾಗಾಗಿ ಫುಟ್‌ಬೋರ್ಡಿನ ಮೇಲೇ ಜೋತುಬೀಳುತ್ತಿದ್ದೆ.

"ಒಳಕ್ ಬಾರಪ್ಪ, ಜಾಗ ಐತೆ," ಎಂದು ಕಂಡಕ್ಟರ್ ದಿನವೂ ಗದರುತ್ತಿದ್ದ.

"ಇಲ್ಲೇ ಇರ್ತೀನಿ ಬುಡಣ್ಣ," ಎನ್ನುತ್ತಿದ್ದೆ. ಕಾರಣ ಹೇಳಲು ನಾಚಿಕೆ.

ಒಂದು ದಿನ, ರಸ್ತೆಯ ಎಡಬದಿಗೆ ನಿಂತಿದ್ದ ಜಲ್ಲಿ ಲಾರಿಯನ್ನು ಬಳಸಿ ಹೋಗಲು ಬಸ್ಸು ಬಲಕ್ಕೆ ಹೊರಳಿತು. ಎದುರಿಂದ ಇನ್ನೊಂದು ಗಾಡಿ ಬಂತು. ಡ್ರೈವರ್ ಗಕ್ಕನೆ ಎಡಕ್ಕೆ ಎಳೆದ. ಹೆಗಲ ಬ್ಯಾಗು ಲಾರಿಯ ಕೊಂಡಿಗೆ ಸಿಕ್ಕಿತು, ನಾನು ಹಿಂದಕ್ಕೆ ವಾಲಿದೆ. ಕಂಡಕ್ಟರ್ ಕಾಲರ್ ಹಿಡಿದು ಒಳಕ್ಕೆ ಸೆಳೆದುಕೊಂಡ. ಬ್ಯಾಗಿನ ಪಟ್ಟಿ ಕಿತ್ತುಹೋಯಿತು, ಬುತ್ತಿ ಸಮೇತ ಬ್ಯಾಗು ಅಲ್ಲೇ ಉಳಿಯಿತು.

"ಸಾಯಕ್ಕೆ ನನ್ ಬಸ್ಸೇ ಬೇಕಿತ್ತೇನ್ಲಾ?" ಎಂದು ಬೈದು, ಬಾಗಿಲು ಎಳೆದು ಹಾಕಿದ.

ಬೆನ್ನಿಗೆ ಬಾಗಿಲು, ಎದೆಗೆ ಜನ. ಬಿಡದಿ ಬರುವವರೆಗೂ ಕಂಬಿ ಹಿಡಿದು ಕಣ್ಣು ಮುಚ್ಚಿ ನಿಂತೆ. ಕೆಲಸ ಬಿಟ್ಟರೆ ವಾಪಸು ಹೋಗಿ ಉಳಲು ಹೊಲವಿರಲಿಲ್ಲ. ಮನೆಯಲ್ಲಿ ಹೇಳಿದ್ದರೆ ಅವ್ವ ಅಂದೇ ಬಿಡಿಸುತ್ತಿದ್ದಳು. ಅದಕ್ಕೇ ಓವನ್ನಿನದನ್ನೂ ಹೇಳಲಿಲ್ಲ, ಬಸ್ಸಿನದನ್ನೂ ಹೇಳಲಿಲ್ಲ.

ಬರಿಗೈಲಿ ಬಂದ ನನ್ನನ್ನು ನೋಡಿ ಗೇಟಿನ ಕಾವಲಿನವನು, "ಏನ್ಲಾ, ಇವತ್ತು ಊಟ ತಂದಿಲ್ವಾ?" ಎಂದ. ಇಲ್ಲವೆಂದು ತಲೆಯಾಡಿಸಿ ಒಳಗೆ ಹೋದೆ.